ಸುಬೇದಾರರ ಕೈಯಲ್ಲಿ ಉಳಿದ ಹರಳು

ಶಕುನ, ಸೂಚನೆ, ಗಾಳಿ, ದೆವ್ವ ಇವುಗಳ ಮಾತು ಬಂತೆಂದರೆ ಎದ್ದು ಹೋಗುವವರ ಪೈಕಿ ನಾನು. ಹಲ್ಲಿ ಲೊಚಗುಟ್ಟಿದರೆ ನನ್ನ ಹೆಂಡತಿ ‘ಶಿವ ಶಿವ’ ಎಂದು ನೆಲ ಕುಟ್ಟುತ್ತಾಳೆ. ನಾನು ಹಲ್ಲಿಯನ್ನು ಓಡಿಸುತ್ತೇನೆ. ಫೌಜಿನಲ್ಲಿ ಅರ್ಧ ಆಯುಷ್ಯ ಕಳೆದವನಿಗೆ ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು, ಇವೆರಡೇ ಪ್ರಮಾಣ. ನನ್ನ ತಕರಾರೇನೆಂದರೆ, ಈಗ ಹೇಳಹೊರಟಿರುವ ಸಂಗತಿ ಕಣ್ಣಿಗೂ ಕಂಡದ್ದು, ಕೈಗೂ ಸಿಕ್ಕಿದ್ದು. ಆದರೂ ಅದನ್ನು ಏನೆನ್ನಬೇಕೋ ತಿಳಿಯದೆ ಕೂತಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಪೊಲೀಸ್ ಆ್ಯಕ್ಷನ್ ಆದ ಮರುವರ್ಷದ ಬೇಸಿಗೆ. ನಿಜಾಮರ ಆಳಿಕೆ ಹೋಗಿತ್ತು, ಜನರ ಎದೆಯೊಳಗಿನ ಅಂಜಿಕೆ ಹೋಗಿರಲಿಲ್ಲ. ಖಾಕಿ ಕಂಡೊಡನೆ ಬಾಗಿಲು ಹಾಕಿಕೊಳ್ಳುವ ಮನೆಗಳು ಪ್ರತಿ ಊರಿನಲ್ಲೂ ಇದ್ದವು. ಯಾಕೆಂದು ನಾವು ಕೇಳುತ್ತಿರಲಿಲ್ಲ. ಯಾಕೆಂಬುದು ಎಲ್ಲರಿಗೂ ಗೊತ್ತಿತ್ತು. ಉಮರ್ಗಾ, ನಿಲಂಗಾ, ಉದಗೀರಗಳ ನಡುವೆ ತಿರುಗಾಡಿಕೊಂಡು ಶಾಂತಿ ಕಾಯಲೆಂದು ಭಾರತದ ಫೌಜಿನ ಒಂದು ಸಣ್ಣ ತುಕಡಿಯನ್ನು ಇಟ್ಟಿದ್ದರು. ಕನ್ನಡ, ಮರಾಠಿ ಎರಡೂ ಆಡುವವರು ಬೇಕೆಂದು, ಉಮರ್ಗಾ ಕಡೆಯವನಾದ ನನ್ನನ್ನು ಅದರ ಹವಾಲ್ದಾರನನ್ನಾಗಿ ಕಳಿಸಿದರು.

ತುಕಡಿಯ ಮುಖ್ಯಸ್ಥರು ಸುಬೇದಾರ ಮಾಳಪ್ಪನವರು. ಲೋಹಾರಾ ಹತ್ತಿರದ ಕುರುಬರು, ಬೀರಪ್ಪ ದೇವರ ಒಕ್ಕಲು. ಫೌಜು ಸೇರುವ ಮೊದಲು ಅಪ್ಪನ ಜೊತೆ ಕುರಿ ಕಾದವರು. ಎಷ್ಟೇ ದೂರ ನಡೆದು ಬಂದಿರಲಿ, ಎಲ್ಲ ಸಿಪಾಯಿಗಳ ಬೂಟು ಬಿಚ್ಚಿಸಿ, ಒಬ್ಬೊಬ್ಬರ ಮುಂದೂ ಕುಕ್ಕರಗಾಲಲ್ಲಿ ಕೂತು, ಅಂಗಾಲಿಗೆ ಗುಳ್ಳೆ ಎದ್ದಿದೆಯೇ ಎಂದು ನೋಡುವವರೆಗೆ ತಮ್ಮ ಬೂಟು ಬಿಚ್ಚುತ್ತಿರಲಿಲ್ಲ. ಬೈಗುಳವೂ ಅಷ್ಟೇ ಧಾರಾಳ. ಕಾಲು ತೊಳೆಯದವನ ಮೂರು ತಲೆಮಾರನ್ನು ನೆನೆದು ಬೈದು, ಆಮೇಲೆ ತಾವೇ ಎಣ್ಣೆ ಹಚ್ಚುತ್ತಿದ್ದರು.

ಅವರ ಇನ್ನೊಂದು ಪದ್ಧತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವರ ಸೊಂಟದಲ್ಲಿ ಯಾವಾಗಲೂ ಒಂದು ಭಂಡಾರದ ಚೀಲ ಇರುತ್ತಿತ್ತು. ಭಂಡಾರವೆಂದರೆ ಬೀರಪ್ಪನ ಅರಿಸಿನ ಪುಡಿ. ಆ ಚೀಲದಲ್ಲಿ ಅರಿಸಿನದ ಜೊತೆ, ತುಕಡಿಯಲ್ಲಿ ಎಷ್ಟು ಜನವೋ ಅಷ್ಟು ಬಿಳಿ ಹರಳುಕಲ್ಲು. ಸಂಜೆ ನಾವು ಸಾಲು ಹಚ್ಚಿ ರೊಟ್ಟಿ ತೆಗೆದುಕೊಳ್ಳುವಾಗ ಅವರು ಹರಳುಗಳನ್ನೆಲ್ಲ ಎಡಗೈಯಲ್ಲಿ ಹಿಡಿದು ಪಕ್ಕದಲ್ಲಿ ನಿಲ್ಲುವರು. ಒಬ್ಬ ರೊಟ್ಟಿ ತೆಗೆದುಕೊಂಡರೆ ಒಂದು ಹರಳು ಚೀಲಕ್ಕೆ. ಕೈ ಬರಿದಾದರೆ ಎಲ್ಲರಿಗೂ ಊಟ ಸಿಕ್ಕಿತು. ಹರಳು ಉಳಿದರೆ ಯಾರೋ ಹಸಿದಿದ್ದಾರೆ. ಕುರಿ ಹಟ್ಟಿಗೆ ಹೊಗುವಾಗ ಅವರಪ್ಪ ಹೀಗೇ ಎಣಿಸುತ್ತಿದ್ದನಂತೆ. ನನ್ನ ಹೆಸರಿನದೂ ಒಂದು ಹರಳಿತ್ತು, ಅವರದು ಇರಲಿಲ್ಲ. ‘ಕುರಿಗಿ ಹರಳ, ಕುರುಬಗ ಎಲ್ಲೀ ಹರಳೋ?’ ಎನ್ನುತ್ತಿದ್ದರು. ಕೈ ಬರಿದಾದ ಮೇಲೆಯೇ ಅವರ ಊಟ.

ನನಗೆ ಇದು ನಗೆಪಾಟಲು. ‘ಸಾಹೇಬ್ರ, ಹಾಜರಿ ಪುಸ್ತಕದಾಗ ಎಲ್ಲಾರ ಹೆಸರೂ ಬರದೀನಲ್ರಿ, ಈ ಕಲ್ಲ ಯಾಕ?’ ಎಂದು ಒಮ್ಮೆ ಕೇಳಿದ್ದೆ.

‘ನಿನ್ನ ಪುಸ್ತಕಕ್ಕ ಹೊಟ್ಟಿ ಹಸೀತದೇನು?’ ಎಂದರು.

ಆ ದಿನ ಬೆಳಗಿನ ಜಾವ ನಿಲಂಗಾ ಬಿಟ್ಟು ಉದಗೀರದ ದಾರಿ ಹಿಡಿದೆವು. ಮಾಂಜರಾ ನದಿ ಬತ್ತಿ ಮರಳಾಗಿತ್ತು, ನಡೆದೇ ದಾಟಿದೆವು. ಬಿಸಿಲು ಏರಿದ ಮೇಲೆ ರಸ್ತೆ ಬದಿಯ ಹುಣಸೆ ಮರದ ನೆರಳಲ್ಲಿ ಸ್ವಲ್ಪ ಹೊತ್ತು ಕೂತೆವು. ಮರದ ಪಕ್ಕ ನಿಜಾಮರ ಕಾಲದ ಒಂದು ಪೊಲೀಸ್ ಚೌಕಿ, ಮಾಡು ಅರ್ಧ ಕುಸಿದು ಹಾಳುಬಿದ್ದಿತ್ತು. ಅದರ ಗೋಡೆಗೆ ಒರಗಿ ನಾನು ಒಂದು ಜೊಂಪು ನಿದ್ದೆಯನ್ನೂ ತೆಗೆದೆ. ಹೊತ್ತಿಳಿದ ಮೇಲೆ ಎದ್ದು, ಸಂಜೆ ವಲಾಂಡಿ ಮುಟ್ಟಿ, ಊರ ಹೊರಗಿನ ಮಾವಿನ ತೋಪಿನಲ್ಲಿ ಬಿಡಾರ ಹೂಡಿದೆವು. ಕಾದ ನೆಲದ ಮೇಲೆ ನಡೆದು ಹುಡುಗರ ಕಾಲು ಹಣ್ಣಾಗಿದ್ದವು.

ರೊಟ್ಟಿ, ಬೇಳೆ ಆಯಿತು. ಸಾಲು ನಿಂತಿತು. ಕೊನೆಯವನು ನಾನು, ರೊಟ್ಟಿ ತೆಗೆದುಕೊಂಡು ಹೊರಳಿದಾಗ ಸುಬೇದಾರರು ಅಂಗೈ ನೋಡುತ್ತ ನಿಂತಿದ್ದರು. ಅಂಗೈಯಲ್ಲಿ ಒಂದು ಹರಳು ಉಳಿದಿತ್ತು.

‘ಯಾರದೋ ಊಟ ಆಗಿಲ್ಲ’ ಎಂದರು.

ಅಡುಗೆಯವನದು ಆಗಿತ್ತು, ಪಹರೆಯವರದೂ ಆಗಿತ್ತು. ಹಾಜರಿ ಪುಸ್ತಕ ತಂದು ಹೆಸರು ಕೂಗಿದೆ. ಪ್ರತಿ ಹೆಸರಿಗೂ ಒಬ್ಬೊಬ್ಬ ತುಂಬಿದ ಬಾಯಲ್ಲೇ ಓಗೊಟ್ಟ. ಮುಖ ನೋಡಿ ನೋಡಿ ಗುರುತು ಹಾಕಿದೆ. ಆಮೇಲೆ ಸುಬೇದಾರರು ಎಲ್ಲರನ್ನೂ ಕೂತಲ್ಲೇ ಕೂಡಿಸಿ, ಒಬ್ಬೊಬ್ಬರ ಮುಂದೆ ಒಂದೊಂದು ಹರಳು ಇಡುತ್ತ ಹೋದರು. ಮತ್ತೆ ಒಂದು ಉಳಿಯಿತು.

‘ಯಾವುದೋ ಕಲ್ಲ ಚೀಲದಾಗ ಬಿದ್ದಿರಬೇಕ್ರಿ. ಒಗದ ಬಿಡ್ರಿ, ಊಟ ಮಾಡ್ರಿ’ ಎಂದೆ.

ಅವರು ಹರಳನ್ನು ನನ್ನ ಕೈಗಿಟ್ಟರು. ಸುತ್ತ ಎರೆಮಣ್ಣು, ಅಂಥ ಬಿಳಿಗಲ್ಲು ಆ ತೋಪಿನಲ್ಲಿ ಒಂದೂ ಇರಲಿಲ್ಲ. ಆ ಮಾತೂ ಹಾಗಿರಲಿ. ಹರಳಿನ ಸಂದುಸಂದುಗಳಲ್ಲಿ ಅರಿಸಿನ ಇಳಿದು ಕೂತಿತ್ತು, ಉಳಿದವುಗಳಲ್ಲಿ ಇದ್ದಂತೆಯೇ. ಉಗುರಿನಿಂದ ಕೆರೆದು ನೋಡಿದೆ, ಹೋಗಲಿಲ್ಲ. ಹಿಂದಿನ ಸಂಜೆ ನಿಲಂಗಾದಲ್ಲಿ ಅವರ ಕೈ ಬರಿದಾದುದನ್ನು ನಾನೇ ಕಂಡಿದ್ದೆ. ಚೀಲ ಅವರ ಸೊಂಟ ಬಿಟ್ಟು ಕದಲಿರಲಿಲ್ಲ.

ಸುಬೇದಾರರು ಬೂಟಿನ ದಾರ ಬಿಗಿದರು. ‘ಹಾದ್ಯಾಗ ಯಾರೋ ಉಳದಾರ. ನಡಿ.’

‘ಎಲ್ಲಾರೂ ಇಲ್ಲೇ ಕುಂತಾರಲ್ರಿ! ಉಳದವರು ಯಾರ್ರಿ?’

‘ಯಾರಂತ ನನಗೇನ್ ಗೊತ್ತು? ಉಳದಾರ ಅಂಬೂದಷ್ಟೇ ಗೊತ್ತು.’

ಇಬ್ಬರು ಸಿಪಾಯಿಗಳು ತಾವೂ ಬರುತ್ತೇವೆಂದು ಎದ್ದರು. ‘ಕಾಲ ನೋಡಕೋರಿ ಮೊದಲ. ಉಂಡು ಮಲಕೋರಿ’ ಎಂದು ಗದರಿಸಿ ಕೂಡಿಸಿದರು. ನನ್ನ ಕಡೆ ತಿರುಗಿ, ‘ನಿನ್ನ ಕಾಲ ನೆಟ್ಟಗ ಅವ, ನಾ ನೋಡೀನಿ’ ಎಂದರು. ಅಂದು ಮಾತ್ರ ನನ್ನ ಕಾಲಿಗೂ ಒಂದು ಗುಳ್ಳೆ ಇರಬಾರದಿತ್ತೇ ಅನ್ನಿಸಿತು.

ಊರಿನ ರೈತನೊಬ್ಬ ತನ್ನ ದೇವಣಿ ತಳಿಯ ಎತ್ತುಗಳ ಬಂಡಿ ಹೂಡಿದ. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಬಂದ ದಾರಿಯಲ್ಲೇ, ಎರಡೂ ಬದಿ ನೋಡುತ್ತ ಹೋದೆವು. ನಾನು ಮನಸ್ಸಿನಲ್ಲಿ ಗೊಣಗುತ್ತಿದ್ದೆ. ಒಂದು ಕಲ್ಲಿನ ಮಾತು ಕೇಳಿ ಉಪವಾಸ ತಿರುಗುವ ಮುದುಕನ ಕೈಯಲ್ಲಿ ಸರಕಾರ ತುಕಡಿ ಕೊಟ್ಟಿದೆಯಲ್ಲ ಎಂದು. ಹುಣಸೆ ಮರ ಬಂದಾಗ ಸುಬೇದಾರರು ಬಂಡಿ ನಿಲ್ಲಿಸಿ ಚೌಕಿಯೊಳಗೆ ಬ್ಯಾಟರಿ ಬಿಟ್ಟರು.

ನಾನು ಮಧ್ಯಾಹ್ನ ಒರಗಿದ್ದ ಗೋಡೆಯ ಆಚೆ ಮಗ್ಗುಲಲ್ಲೇ ಒಬ್ಬ ಮನುಷ್ಯ ಮುದುಡಿಕೊಂಡು ಬಿದ್ದಿದ್ದ. ಚಳಿಜ್ವರಕ್ಕೆ ಹಲ್ಲು ಕಟಕಟ ಎನ್ನುತ್ತಿದ್ದವು. ಮೈಮೇಲೆ ನಿಜಾಮರ ಫೌಜಿನ ಹಳೇ ಕೋಟು, ಬಿಲ್ಲೆಗಳನ್ನು ಕಿತ್ತಿದ್ದು. ಬೆಳಕು ಬಿದ್ದೊಡನೆ ಎರಡೂ ಕೈ ಮೇಲೆತ್ತಿ ಕಣ್ಣು ಮುಚ್ಚಿಕೊಂಡ. ‘ಇವರು ನನ್ನನ್ನು ಕೊಲ್ಲುತ್ತಾರೆ’ ಎಂದುಕೊಂಡವನ ಮುಖ ಹೇಗಿರುತ್ತದೆಂದು ನನಗೆ ಅವತ್ತು ತಿಳಿಯಿತು.

ಸುಬೇದಾರರು ಅವನ ಹತ್ತಿರ ಕುಕ್ಕರಗಾಲಲ್ಲಿ ಕೂತು ಕೇಳಿದ ಮೊದಲ ಮಾತು, ‘ಊಟ ಆಗ್ಯಾದೇನೋ ತಮ್ಮಾ?’

ಅವನು ಕಣ್ಣು ತೆರೆದ. ಅಳಲು ಶುರು ಮಾಡಿದ.

ಅವನ ಹೆಸರು ಮಹಬೂಬ, ಊರು ಉದಗೀರ. ಬಂಡಿಯಲ್ಲಿ ಮಲಗಿಸಿಕೊಂಡು ಬರುವಾಗ ತುಸುತುಸುವಾಗಿ ಹೇಳಿದ. ನಿಜಾಮರ ಫೌಜು ಸೋತ ದಿನ ಗಡಿಯ ಒಂದು ಠಾಣೆಯಲ್ಲಿದ್ದನಂತೆ. ಬೆಳಗಾದಾಗ ಅವರ ಸಾಹೇಬರಿಲ್ಲ. ಯಾರಿಗೂ ಹೇಳದೆ, ಠಾಣೆಯಲ್ಲಿದ್ದ ಒಂದೇ ಜೀಪನ್ನು ತೆಗೆದುಕೊಂಡು ಹೋಗಿದ್ದರು. ಸಿಪಾಯಿಗಳು ದಿಕ್ಕಾಪಾಲಾದರು. ಇವನು ನಿಲಂಗಾ ಹತ್ತಿರದ ಅಕ್ಕನ ಮನೆಯಲ್ಲಿ ಅಡಗಿ ಅಷ್ಟು ತಿಂಗಳು ಕಳೆದ. ಮನೆಗೆ ಹೋಗೋಣವೆಂದು ಹೊರಟು, ದಾರಿಯಲ್ಲಿ ಜ್ವರ ಬಂದು, ಎರಡು ದಿನದಿಂದ ಆ ಚೌಕಿಯಲ್ಲಿ ಬಿದ್ದಿದ್ದ. ‘ಮಧ್ಯಾಹ್ನ ನೀವು ಕುಂತಾಗ ನಾ ಉಸರ ಬಿಗಿಹಿಡದು ಮಕ್ಕೊಂಡಿದ್ನಿರಿ. ಹೋದ ಮ್ಯಾಲ, ಕೂಗಬೇಕಿತ್ತು ಅನಸ್ತು’ ಎಂದ.

ಬಿಡಾರದಲ್ಲಿ ಕ್ವಿನೈನ್ ಗುಳಿಗೆ ನುಂಗಿಸಿ, ಬಿಸಿ ಅಂಬಲಿ ಕುಡಿಸಿದೆವು. ಅವನು ಬಟ್ಟಲು ಬರಿದು ಮಾಡಿದಾಗ ಸುಬೇದಾರರು ಅಲ್ಲಿಯತನಕ ಮುಷ್ಟಿಯಲ್ಲಿ ಹಿಡಿದಿದ್ದ ಹರಳನ್ನು ಚೀಲಕ್ಕೆ ಬಿಟ್ಟರು. ಆಮೇಲೆ ಕೈ ತೊಳೆದುಕೊಂಡು, ತಣ್ಣಗಾದ ರೊಟ್ಟಿಗೆ ಕೂತರು.

ಮರುದಿನ ಬಂಡಿಯಲ್ಲೇ ಅವನನ್ನು ದೇವಣಿ ಊರು ದಾಟಿಸಿ ಉದಗೀರಕ್ಕೆ ತಂದೆವು. ಮನೆ ಕೋಟೆಯ ಹಿಂದಿನ ಓಣಿಯಲ್ಲಿ. ಜ್ವರ ಇಳಿದಿತ್ತು, ಇಳಿದು ನಿಂತ. ಬಾಗಿಲಲ್ಲಿ ಅವನ ಹೆಂಡತಿ. ಆಕೆ ಚೀರಲೂ ಇಲ್ಲ, ಓಡಿ ಬರಲೂ ಇಲ್ಲ; ನಮ್ಮ ಖಾಕಿ ನೋಡಿ, ಗಂಡನನ್ನು ತಂದಿದ್ದಾರೋ ಒಯ್ಯಲು ಬಂದಿದ್ದಾರೋ ತಿಳಿಯದೆ ಚೌಕಟ್ಟು ಹಿಡಿದು ನಿಂತಿದ್ದಳು. ಇವನೂ ಹೊಸ್ತಿಲ ಹತ್ತಿರ ಹೋಗಲೊಲ್ಲ.

‘ಯಾಕೋ, ಮನಿ ಇದಲ್ಲೇನು?’ ಎಂದರು ಸುಬೇದಾರರು.

‘ಇದೇರಿ. ಸಾಹೇಬ್ರ, ನಮಗ ಯಾರೂ ರಜಾ ಕೊಡಲಿಲ್ಲರಿ. ಹೋಗ್ರಿ ಅಂತ ಒಂದ್ ಮಾತೂ ಹೇಳಲಿಲ್ಲ. ಓಡಿ ಬಂದಂವ ಅಂತ ಓಣ್ಯಾಗ ಹ್ಯಾಂಗ ಮುಖ ತೋರಸಲಿ?’

ಸುಬೇದಾರರು ಅವನನ್ನು ಅಡಿಯಿಂದ ಮುಡಿಯತನಕ ನೋಡಿದರು. ಅಂಗಿಯ ಗುಂಡಿ ಹಾಕಿಕೊಂಡು, ಟೋಪಿ ಸರಿಮಾಡಿ, ಓಣಿಯ ನಡುವೆ ನೆಟ್ಟಗೆ ನಿಂತು ‘ಅಟೆನ್ಶನ್!’ ಎಂದು ಕೂಗಿದರು. ಮುಚ್ಚಿದ್ದ ಬಾಗಿಲುಗಳ ಸಂದಿನಲ್ಲಿ ಮುಖಗಳು ಕಂಡವು. ಮಹಬೂಬನ ಹಿಮ್ಮಡಿಗಳು ತಾವಾಗಿಯೇ ಕೂಡಿಕೊಂಡವು.

‘ಸಿಪಾಯಿ ಮಹಬೂಬ! ನಿನ್ನ ನೌಕರಿ ಪೂರಾ ಆತು. ನೀ ಓಡಿ ಬಂದಿಲ್ಲ. ನಾ ಕಳಸಲಿಕತ್ತೀನಿ. ಡಿಸ್ಮಿಸ್!’

ಪರೇಡು ಬಿಡಿಸುವ ಆ ಹುಕುಮಿಗೆ ಅವನು ಬಲಕ್ಕೆ ಹೊರಳಿ, ಸಲಾಮು ಹೊಡೆದು, ಕಾಲುಗಳನ್ನು ನೆಲಕ್ಕೆ ಕುಟ್ಟುತ್ತ ಮನೆಯೊಳಗೆ ನಡೆದ. ಸುಬೇದಾರರು ಅವನ ಸಲಾಮಿಗೆ ಎತ್ತಿದ ಕೈಯನ್ನು, ಅವನು ಒಳಗೆ ಹೋಗುವವರೆಗೆ ಇಳಿಸಲಿಲ್ಲ. ನಾನು ಯುದ್ಧ ಕಂಡವನು, ದೊಡ್ಡ ದೊಡ್ಡ ಸಾಹೇಬರ ಪರೇಡು ಕಂಡವನು. ಅಂಥ ಪರೇಡು ಇನ್ನೊಂದು ಕಾಣಲಿಲ್ಲ. ಕಣ್ಣೊರೆಸಿಕೊಂಡೆ ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಆ ಸಂಜೆ ಉದಗೀರದ ಬಿಡಾರದಲ್ಲಿ ಮತ್ತೆ ಸಾಲು ನಿಂತೆವು. ನಾನು ರೊಟ್ಟಿ ನೋಡದೆ ಸುಬೇದಾರರ ಕೈಯನ್ನೇ ನೋಡುತ್ತಿದ್ದೆ. ಕೊನೆಗೆ ನನ್ನ ಸರದಿ. ಹರಳು ಚೀಲಕ್ಕೆ ಬಿತ್ತು. ಕೈ ಬರಿದು.

ನಾನು ಸುಮ್ಮನಾಗಲಿಲ್ಲ. ಚೀಲ ಇಸಿದುಕೊಂಡು ಕಂಬಳಿಯ ಮೇಲೆ ಸುರಿದು, ಮಂದಿಯನ್ನೂ ಹರಳನ್ನೂ ತಾಳೆ ಹಾಕಿದೆ. ನಮ್ಮಷ್ಟೇ ಇದ್ದವು. ಹಿಂದಿನ ಸಂಜೆ ನನ್ನ ಅಂಗೈ ಮೇಲಿದ್ದ ಆ ಒಂದು ಹೆಚ್ಚಿನ ಹರಳು ಎಲ್ಲಿಂದ ಬಂದಿತ್ತು, ಎಲ್ಲಿಗೆ ಹೋಯಿತು? ಸುಬೇದಾರರೇ ಬೇಕೆಂದು ಹಾಕಿ ತೆಗೆದಿರಬಹುದೆಂದು ನೀವು ಹೇಳುತ್ತೀರಿ. ನಾನೂ ಹಾಗೇ ತರ್ಕ ಮಾಡಿದೆ. ಆದರೆ ಅವನು ಅಲ್ಲಿ ಬಿದ್ದಿದ್ದಾನೆಂದು ಮಧ್ಯಾಹ್ನವೇ ತಿಳಿದಿದ್ದರೆ ಅವರು ಮಧ್ಯಾಹ್ನವೇ ಎತ್ತಿಕೊಳ್ಳುತ್ತಿದ್ದರು. ಜ್ವರದವನನ್ನು ಬಿಟ್ಟು ವಲಾಂಡಿಯತನಕ ನಡೆದು ಬಂದು ನನ್ನ ಮುಂದೆ ಆಟ ಹೂಡುವ ಜೀವ ಅದಾಗಿರಲಿಲ್ಲ.

‘ಸಾಹೇಬ್ರ, ನಿನ್ನಿ ಹರಳ ಎಲ್ಲಿ ಹೋತ್ರಿ?’ ಎಂದು ಬಾಯಿ ಬಿಟ್ಟು ಕೇಳಿಯೇಬಿಟ್ಟೆ.

‘ಅಂವಾ ಮನಿ ಮುಟ್ಟ್ಯಾನಲ್ಲೋ. ಇನ್ನ ನನ್ನ ಕೈಯಾಗ ಯಾಕ ಇರತದ?’ ಎಂದು ರೊಟ್ಟಿ ಮುರಿದರು. ಹಸಿದಿದ್ದರು ಪಾಪ, ಮತ್ತೆ ನನ್ನ ಕಡೆ ನೋಡಲಿಲ್ಲ. ಅವರ ಪಾಲಿಗೆ ಅದು ಅಲ್ಲಿಗೆ ಮುಗಿಯಿತು. ನನಗೆ ಈ ವಯಸ್ಸಿನಲ್ಲೂ ಅದು ಮುಗಿದಿಲ್ಲ.