ಕೋಚ್ ಸರ್ ಬಗ್ಗೆ ನಾವು ಮಾಡಿದ ವಾದ

ಧಾರವಾಡದ ನಮ್ಮ ಕಾಲೇಜಿನಲ್ಲಿ ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟಿದ ಕೋಚ್ ಸರ್‌ಗೆ ಸನ್ಮಾನ ಮಾಡಬೇಕೆಂದು ಹಳೆಯ ಆಟಗಾರ್ತಿಯರ ವಾಟ್ಸಾಪ್ ಗುಂಪಿನಲ್ಲಿ ತೀರ್ಮಾನವಾಯಿತು. ಲಂಡನ್ನಿನಲ್ಲಿರುವವರು ನಾವಿಬ್ಬರೇ. ಕ್ಯಾಪ್ಟನ್ ಆಗಿದ್ದ ನಾನು, ಗೋಲ್‌ಕೀಪರ್ ಆಗಿದ್ದ ನನ್ನ ಗೆಳತಿ. ಇಬ್ಬರೂ ಸೇರಿ ಒಂದು ವಿಡಿಯೋ ಕಳಿಸಬೇಕಿತ್ತು. ಒಂದು ಭಾನುವಾರ ನಾನಿರುವ ಪಿನ್ನರ್‌ನಿಂದ ಹೇಸ್‌ನಲ್ಲಿರುವ ಅವಳ ಮನೆಗೆ ಹೋದೆ.

ಅವಳು ನಮ್ಮೂರ ಮಂಡಕ್ಕಿಯ ಗಿರ್ಮಿಟ್ ಮಾಡಿಟ್ಟಿದ್ದಳು. ತಿಂದಾದ ಮೇಲೆ ನಾನು ಫೋನನ್ನು ಕಿಟಕಿಗೆ ಒರಗಿಸಿ ನಿಲ್ಲಿಸಿದೆ. ಅವಳು ಸೋಫಾ ಬಿಟ್ಟು ಏಳಲಿಲ್ಲ.

“ನೀ ಒಬ್ಬಾಕಿನ ಮಾತಾಡು. ನಾ ಬರಂಗಿಲ್ಲ.”

“ಯಾಕ? ಕಪ್ ಮ್ಯಾಲೆ ಕಪ್ ಗೆಲ್ಲಿಸಿ ಕೊಟ್ಟಾರ. ಅವರಕಿಂತ ಮೊದಲ ನಮ್ಮ ಕಾಲೇಜಿನ್ಯಾಗ ಹುಡುಗ್ಯಾರ ಟೀಮರ ಇತ್ತೇನು?”

“ಇರಲಿಲ್ಲ, ಖರೇನ. ಆದರ ಎಷ್ಟ ಮಂದಿ ಅಳಕೋತ ಆಟಾ ಬಿಟ್ರು? ಅದೂ ಅವರ ರೆಕಾರ್ಡ್ ಅಲ್ಲೇನು?”

ಅವಳ ಗಂಡ ಮೈಸೂರಿನವರು. ಚಹಾ ತಂದಿಟ್ಟು ಅವರೂ ನಮ್ಮ ಜೊತೆ ಕೂತರು. ಸೋತ ದಿನ ಸರ್ ತನ್ನನ್ನು ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡದವರೆಗೆ ನಿಲ್ಲಿಸಿಕೊಂಡೇ ಕರೆತಂದಿದ್ದನ್ನು ಅವಳು ನೆನಪಿಸಿದಳು.

“ಅದರಿಂದನ ನಾವು ಗಟ್ಟಿ ಆದ್ವಿ” ಎಂದೆ.

“ನೀ ಗಟ್ಟಿ ಆದಿ.”

ವಾದದಲ್ಲಿ ಸೋಲುವುದಕ್ಕೆ ನನಗೆ ಮನಸ್ಸಿರಲಿಲ್ಲ.

“ಕೈಗೆ ಎಣ್ಣಿ ಹಚ್ಚಿಕೊಂಡು ಗೋಲಿನ್ಯಾಗ ನಿಂತ್ರ ಮತ್ತೇನ ಮುದ್ದ ಮಾಡ್ತಾರೇನು?”

‘ಕೈಗೆ ಎಣ್ಣಿ’ ಅನ್ನುವುದು ಸರ್ ಅವಳಿಗೆ ಮೈದಾನದ ಅಂಚಿನಿಂದ ಕೂಗಿ ಹೇಳುತ್ತಿದ್ದ ಮಾತು. ಕೇಳಿ ತಂಡವೆಲ್ಲ ನಗುತ್ತಿತ್ತು. ಮಾತಷ್ಟೇ ಅಲ್ಲ, ಅವರು ಎಳೆದು ಹೇಳುವ ರಾಗವೂ ನನ್ನ ಬಾಯಿಂದ ಹಾಗೇ ಬಂತು.

“ಎಣ್ಣೆನಾ? ಹಾಗಂದ್ರೆ?” ಎಂದು ಅವಳ ಗಂಡ ನಗುತ್ತಾ ಕೇಳಿದರು.

“ಬಾಲು ನನ್ನ ಕೈಯಲ್ಲಿ ನಿಲ್ತಿರಲಿಲ್ಲ ಅಂತ” ಎಂದು ಅವಳೇ ಅವರಿಗೆ ಅರ್ಥ ಹೇಳಿದಳು.

ಅವರ ನಗು ನಿಂತಿತು. ಹೆಂಡತಿ ದೊಡ್ಡ ಗೋಲ್‌ಕೀಪರ್ ಎಂದು ಕನ್ನಡ ಸಂಘದಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುವವರು ಅವರು. ಅವಳು ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ನಾನೂ ಹಿಂದೆಯೇ ಹೋದೆ.

“ತಪ್ಪಾತು” ಎಂದೆ.

“ಇರಲಿ ಬಿಡು. ನಿನಗ ಬಸ್ಸಿಗೆ ಹೊತ್ತಾತು.”

ಉಳಿದ ಗಿರ್ಮಿಟ್ಟನ್ನು ಎಂದಿನಂತೆ ಡಬ್ಬಿಗೆ ತುಂಬಿ ನನ್ನ ಕೈಗೆ ಕೊಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಸ್ಸಿನಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಾಗ ಮುಖ ಉರಿಯುತ್ತಿತ್ತು. ಸರ್ ನನಗೆ ಏನೇನು ಕಲಿಸಿದರು ಎಂದು ವಿಡಿಯೋದಲ್ಲಿ ಹೇಳಲು ಹೊರಟಿದ್ದವಳು ನಾನು.

ವಿಡಿಯೋ ಮಾಡಲಾಗಲಿಲ್ಲ ಎಂದು ಗುಂಪಿಗೆ ಬರೆದೆ, ಕಾರಣ ಬರೆಯಲಿಲ್ಲ. ಮುಂದಿನ ತಿಂಗಳು ಸನ್ಮಾನದ ಫೋಟೋಗಳು ಬಂದವು. ಪೇಟ, ಶಾಲು, ಹಾರದ ನಡುವೆ ಸರ್ ಬಹಳ ಇಳಿದುಹೋಗಿದ್ದರು. ಕೆಳಗೆ ಎಲ್ಲರಿಗಿಂತ ಮೊದಲು ಕೈಮುಗಿಯುವ ಇಮೋಜಿ ಹಾಕಿದವಳು ನನ್ನ ಗೆಳತಿ. ನನಗೆ ಅಷ್ಟೂ ಹಾಕಲಾಗಲಿಲ್ಲ.