ವಿಡಲ್ಲೇ, ಬಿಡಲ್ಲೇ

ದೈವಭಕ್ತೆ, ಮಿತಭಾಷಿಣಿ, ಸಂಶಯ ಬಂದರೆ ಮರಳಿ ಕೇಳುವ ತಾಳ್ಮೆಯುಳ್ಳವರು, ಕಾಕ್ಕನಾಡಿನಲ್ಲಿ ಬ್ಯಾಂಕ್ ಅಧಿಕಾರಿಯಾಗಿರುವ ಮೈಸೂರಿನ ಸಮೀಕ್ಷಾ. ಈ ಬೇಸಿಗೆಯಲ್ಲಿ ಗೆಳೆಯರೊಡನೆ ಜೋರ್ಡಾನಿನ ಮರುಭೂಮಿಗೆ ಹೋಗಿ, ಇಕ್ಕಟ್ಟಾದ ಕಲ್ಲುಕಂದರಗಳಲ್ಲಿ ಹಗ್ಗದ ಆಸರೆಯಿಂದ ಇಳಿಯುತ್ತಿದ್ದರು. ಉಳ್ಳೂರಿನ ಕಿರಿಯ ಮಲಯಾಳಿ ಗೆಳೆಯ ಅಜಿತ್ ಇಳಿಯುವಾಗ ಅವನ ಹಗ್ಗ ಇವರ ಕೈಯಲ್ಲಿತ್ತು. ನಡುವೆ ಕಾಲು ಜಾರಿದ ಅವನು ಮಲಯಾಳದಲ್ಲಿ ಕೂಗಿದ: "ವಿಡಲ್ಲೇ." ಬಿಡಬೇಡವೆಂದು ಅದರ ಅರ್ಥ. ಬಂಡೆಗಳ ಮಾರ್ದನಿಯಲ್ಲಿ ಸಮೀಕ್ಷಾ ಅವರ ಕಿವಿಗೆ ಬಿದ್ದುದು "ಬಿಡಲ್ಲೇ" ಎಂದು, ಅಂದರೆ ಅಲ್ಲೇ ಬಿಟ್ಟುಬಿಡು ಎಂದು. ಬೆರಳು ಸಡಿಲಿಸುವ ಮುನ್ನ ಕೇಳಿದರು:

"ಬಿಟ್‌ಬಿಡ್ಲಾ ಅಜಿತ್?"

"ಅಯ್ಯೋ ಚೇಚಿ, ಪಿಡಿಚ್ಚೋ."

ಆ ಮಾತಿನೊಳಗಿನ ಹಳಗನ್ನಡದ 'ಪಿಡಿ' ಅವರಿಗೆ ತಿಳಿಯಿತು. ಅವನು ನೆಲ ಮುಟ್ಟುವವರೆಗೂ ಹಗ್ಗವನ್ನು ಬಿಗಿಯಾಗಿ ಹಿಡಿದೇ ಇದ್ದರು.

ಆ ಕೈಗಳಿಗೆ ಬಲವನ್ನೂ ಅವರ ಮನೆಮಂದಿಗೆಲ್ಲ ಆಯುರಾರೋಗ್ಯವನ್ನೂ ಭಗವಂತನು ಕರುಣಿಸಲಿ.