ವಾಕಿಂಗ್ ದಾರಿಯ ಬೆಲ್ಲದ ಕಾಪಿ

ನನಗೆ ಶುಗರ್ ಬಂದಿದೆ ಎಂದು ಸುಂಟಿಕೊಪ್ಪದ ಡಾಕ್ಟರು ಹೇಳಿದ ಕೂಡಲೇ ನಾನು ಅವರೊಡನೆ ಜಗಳಕ್ಕೆ ನಿಂತೆ. ರಿಪೋರ್ಟು ಬೇರೆ ಯಾರದ್ದೋ ಇರಬೇಕು, ಸರಿಯಾಗಿ ನೋಡಿ ಅಂದೆ. ಪಾಪ, ಅವರು ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರು. ಖಾಲಿ ಹೊಟ್ಟೆಯಲ್ಲಿ ನೂರ ಅರವತ್ತೆಂಟು. ಒಂದು ತಿಂಗಳು ಊಟದಲ್ಲಿ ಹಿಡಿತ ಇರಲಿ, ದಿನಾ ಒಂದು ಗಂಟೆ ನಡೆಯಿರಿ, ಅಷ್ಟರಲ್ಲಿ ಇಳಿದರೆ ಸರಿ, ಇಳಿಯದಿದ್ದರೆ ಮಾತ್ರೆ ಎಂದರು. ನಾನು ತಲೆನೋವಿಗೂ ಮಾತ್ರೆ ನುಂಗಿದವಳಲ್ಲ. ನೋಡಿಯೇ ಬಿಡೋಣ ಎಂದು ಎದ್ದು ಬಂದೆ.

ಹೊರಗೆ ಬಂದವಳು ಅಭ್ಯಾಸಬಲದಿಂದ ಮೊಬೈಲ್ ತೆಗೆದು ವಿರಾಜಪೇಟೆಯ ಅಕ್ಕನ ನಂಬರ್ ಹುಡುಕಿದೆ. ಹಸು ಕರು ಹಾಕಿದರೂ, ಹಲ್ಲು ಅಲ್ಲಾಡಿದರೂ ಮೊದಲು ಅಕ್ಕನಿಗೆ ಹೇಳಬೇಕು. ಒತ್ತಲು ಹೋದ ಬೆರಳು ಅಲ್ಲೇ ನಿಂತಿತು. ನಾವಿಬ್ಬರೂ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಒಂದು ಲೋಟ ಕಾಪಿಯ ಕಾರಣಕ್ಕೆ.

ನಮ್ಮ ಕಡೆ ಯಾರೇ ಬಂದರೂ ಮೊದಲು ಬೆಲ್ಲದ ಕಾಪಿ, ಆಮೇಲೆ ಮಾತು. ಹಾಲು ಹಾಕದ ಕಪ್ಪು ಕಾಪಿಗೆ ಬೆಲ್ಲ ಹಾಕಿ ಕುದಿಸಿದ ಪಾತ್ರೆ ಒಲೆಯ ಮೇಲೆ ಯಾವಾಗಲೂ ಬಿಸಿಯಾಗಿರುತ್ತದೆ. ಅದನ್ನು ಬೇಡ ಅಂದವರು ಆ ಮನೆಯೇ ಬೇಡ ಅಂದ ಹಾಗೆ. ನಮ್ಮ ಹೊಸ ಮನೆಯ ಗೃಹಪ್ರವೇಶದ ದಿನ ನಾನೇ ಕೈಯಾರೆ ಕೊಟ್ಟ ಲೋಟವನ್ನು ಅಕ್ಕ ಮುಟ್ಟಲಿಲ್ಲ. ಯಾಕೆ, ಯಾಕೆ ಎಂದು ಎಲ್ಲರೆದುರು ಪೀಡಿಸಿದೆ. ಕೊನೆಗೆ ಸಣ್ಣ ದನಿಯಲ್ಲಿ, ‘ನಂಗೆ ಶುಗರ್’ ಅಂದಳು. ನಾನು, ‘ಒಂದು ಲೋಟ ಕಾಪಿಗೆ ಸಾಯುವುದಾದ್ರೆ ಇಲ್ಲೇ ಸಾಯಿ ಮಾರಾಯ್ತಿ, ತಿಥಿಗೂ ಇದೇ ಕಾಪಿ ಮಾಡ್ತೇನೆ’ ಅಂದೆ. ನೆಂಟರೆಲ್ಲ ಬಿದ್ದು ಬಿದ್ದು ನಕ್ಕರು. ಅಕ್ಕ ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದವಳು ಮತ್ತೆ ನಮ್ಮ ಹೊಸಿಲು ತುಳಿಯಲಿಲ್ಲ. ತಮಾಷೆ ಅರ್ಥವಾಗದವಳ ಹತ್ತಿರ ನನಗೇನು ಮಾತು ಎಂದು ನಾನೂ ಸುಮ್ಮನಾದೆ. ಈಗ ಫೋನ್ ಮಾಡಿ ನನಗೂ ಶುಗರ್ ಎಂದು ಯಾವ ಬಾಯಲ್ಲಿ ಹೇಳುವುದು? ಮೊಬೈಲನ್ನು ಚೀಲಕ್ಕೆ ಹಾಕಿದೆ.

ಮನೆಯಲ್ಲಿ ನಮ್ಮ ಯಜಮಾನರು ಸಕ್ಕರೆ ಡಬ್ಬವನ್ನು ಅಟ್ಟಕ್ಕೆ ಏರಿಸಿದರು. ನನ್ನ ತಟ್ಟೆಗೆ ಅನ್ನವನ್ನು ಚಮಚದಲ್ಲಿ ಬಡಿಸಿ, ತಾವು ಪಕ್ಕದಲ್ಲೇ ಕೂತು ಕೋಳಿಸಾರಿನೊಂದಿಗೆ ಎಂಟು ಕಡುಬು ತಿಂದು, ‘ಕಷ್ಟ ಆಗ್ತದಾ ನಿಂಗೆ?’ ಎಂದು ಕೇಳುತ್ತಿದ್ದರು. ಕುಶಾಲನಗರದಿಂದ ಬಿಳಿ ಶೂ ಬೇರೆ ತಂದರು. ಸೀರೆಯ ಕೆಳಗೆ ಆ ಶೂ ಹಾಕಿಕೊಂಡು ಹೊರಟ ಮೊದಲ ದಿನ ನಮ್ಮ ನಾಯಿಯೇ ನನ್ನನ್ನು ನೋಡಿ ಬೊಗಳಿತು.

ನಡೆಯುವುದು ಅಷ್ಟು ಸುಲಭವೂ ಅಲ್ಲ. ಕೆಲಸವಿಲ್ಲದೆ ಸುಮ್ಮನೆ ನಡೆಯುವ ಹೆಂಗಸನ್ನು ಎಸ್ಟೇಟ್ ರಸ್ತೆಯಲ್ಲಿ ಯಾರೂ ಕಂಡವರಲ್ಲ. ಕಾಪಿ ಹಣ್ಣು ಕೊಯ್ಯುವ ಪಿಕ್ಕಿಂಗಿಗೆ ಆಳುಗಳನ್ನು ಕರೆದೊಯ್ಯುವ ಜೀಪು ಪಕ್ಕಕ್ಕೆ ಬಂದು ನಿಂತಿತು. ‘ಹತ್ತಿ ಅಕ್ಕ, ಬಿಡ್ತೇನೆ’ ಎಂದ ಡ್ರೈವರ್. ವಾಕಿಂಗ್ ಅಂದೆ. ಅವನಿಗೆ ನಂಬಿಕೆ ಬರಲಿಲ್ಲ. ‘ಮನೇಲಿ ಎಂಥಾದ್ರೂ ಜಗಳವಾ?’ ಎಂದು ಮೆಲ್ಲಗೆ ಕೇಳಿದ. ಒಳಗಿದ್ದ ಹೆಂಗಸರೆಲ್ಲ ಒತ್ತಿ ಕೂತು ಜಾಗ ಮಾಡಿಕೊಟ್ಟ ಮೇಲೆ ಹತ್ತದಿರುವುದು ಹೇಗೆ? ಒಂದು ಗಂಟೆಯ ನಡಿಗೆ ಐದು ನಿಮಿಷಕ್ಕೆ ಮುಗಿಯಿತು.

ಮರುದಿನದಿಂದ ಜೀಪು ಬಾರದ ಒಳದಾರಿ ಹಿಡಿದೆ. ಆ ದಾರಿಯಲ್ಲಿ ಐದು ಮನೆಗಳು. ಐದೂ ಮನೆಯವರು ಪರಿಚಯದವರು, ಮಾತಾಡಿಸದೆ ದಾಟಿದರೆ ನನಗೆ ಸೊಕ್ಕು ಅನ್ನುತ್ತಾರೆ. ಹಾಗಾಗಿ ಐದು ಕಡೆ ಕೂತೆ, ಐದು ಲೋಟ ಕುಡಿದೆ. ಕೊನೆಯದು ರೈಟರಜ್ಜಿಯ ಮನೆ. ಅವರ ಗಂಡ ಹಿಂದೆ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಆಗಿದ್ದವರು. ಅಜ್ಜಿಯ ಕಾಪಿಯಲ್ಲಿ ಬೆಲ್ಲ ಎಷ್ಟೆಂದರೆ ತುಟಿಗೆ ತುಟಿ ಅಂಟುತ್ತಿತ್ತು. ಬೆಲ್ಲದ ಬಗ್ಗೆ ನನಗೇನೂ ಅಳುಕಿರಲಿಲ್ಲ. ಡಾಕ್ಟರು ಬಿಡಿ ಅಂದದ್ದು ಸಕ್ಕರೆಯನ್ನು. ಬೆಲ್ಲ ಗದ್ದೆಯಲ್ಲಿ ಬೆಳೆದ ಕಬ್ಬಿನದ್ದು, ಅದಕ್ಕೂ ಕಾಯಿಲೆಗೂ ಎಲ್ಲಿಯ ಸಂಬಂಧ! ಇಡೀ ತಿಂಗಳು ಒಂದು ದಿನವೂ ತಪ್ಪಿಸದೆ ನಡೆದೆ. ಶೂ ಸವೆದ ಹಾಗೆ ಶುಗರೂ ಸವೆದಿರುತ್ತದೆ ಎಂದುಕೊಂಡು ಡಾಕ್ಟರ ಮುಂದೆ ಹೋಗಿ ಕೂತೆ.

ನೂರ ತೊಂಬತ್ತೊಂದು. ಏರಿತ್ತು.

‘ನಡೀತಿದ್ದೀರಾ?’ ಎಂದರು. ‘ದಿನಾ.’ ‘ಸಕ್ಕರೆ?’ ‘ಒಂದು ಕಾಳು ಮುಟ್ಟಿಲ್ಲ.’ ಅವರು ತಲೆ ಕೆರೆದುಕೊಂಡು, ‘ಕಾಪಿ ಹೇಗೆ ಕುಡೀತೀರಿ?’ ಎಂದರು. ‘ಬೆಲ್ಲದ್ದು.’ ‘ಎಷ್ಟು ಲೋಟ?’ ‘ದಾರೀಲಿ ಐದು. ಮನೇದು ಬೇರೆ.’ ಡಾಕ್ಟರು ಪೆನ್ನು ಕೆಳಗಿಟ್ಟರು. ‘ಒಳ್ಳೇ ಕಪ್ಪು ಬೆಲ್ಲ ಡಾಕ್ಟ್ರೇ, ಕೆಮಿಕಲ್ ಎಂಥದೂ ಇಲ್ಲ’ ಎಂದು ನಾನೇ ಧೈರ್ಯ ಹೇಳಿದೆ. ‘ಹೊಟ್ಟೆಗೆ ಹೋದ ಮೇಲೆ ಅದೂ ಸಕ್ಕರೆಯೇ ಅಮ್ಮ’ ಎಂದರು. ಜೇನು? ಅದೂ ಅಷ್ಟೇ. ಇನ್ನೇನು ಕೇಳಿದರೂ ಅದೇ ಉತ್ತರ ಬರುವುದು ಗೊತ್ತಾಗಿ ಬಾಯಿ ಮುಚ್ಚಿದೆ. ಮಾತ್ರೆ ಬರೆಯಲು ಹೊರಟವರನ್ನು ಬೇಡಿಕೊಂಡು ಇನ್ನೊಂದು ತಿಂಗಳು ತೆಗೆದುಕೊಂಡೆ. ಈ ಸಲ ಬೆಲ್ಲವೂ ಇಲ್ಲ ಎಂಬ ಕರಾರಿನ ಮೇಲೆ.

ಮರುದಿನ ನಾಲ್ಕು ಮನೆಗಳಲ್ಲಿ ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ ಪಾರಾದೆ. ರೈಟರಜ್ಜಿಯ ಹತ್ತಿರ ಸುಳ್ಳು ನಡೆಯುವುದಿಲ್ಲ. ‘ಬೇಡ ಅಜ್ಜಿ, ನಂಗೆ ಶುಗರ್ ಉಂಟು’ ಅಂದೆ. ಅಜ್ಜಿ ಲೋಟ ಹಿಡಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ‘ಒಂದು ತಿಂಗಳು ಇಲ್ಲೇ ಕೂತು ಕುಡ್ದವಳಿಗೆ ಇವತ್ತು ಎಂಥ ಶುಗರ್? ನಂಗೆ ಎಂಬತ್ತಾಯ್ತು, ಇದನ್ನೇ ಕುಡ್ದು ಬದುಕಿಲ್ವಾ? ನಮ್ಮ ಮನೇದು ಸೇರದಿದ್ರೆ ಹಾಗೇ ಹೇಳು. ನಾಳೆಯಿಂದ ಈ ಕಡೆ ಬರೋದೂ ಬೇಡ’ ಎಂದು ಕಾಪಿಯನ್ನು ಅಂಗಳಕ್ಕೆ ಚೆಲ್ಲಿ ಒಳಗೆ ಹೋದರು.

ಮೈಯೆಲ್ಲ ಉರಿಯಿತು. ಹಗಲು ಎಷ್ಟೇ ಧೈರ್ಯ ತೋರಿಸಿದರೂ, ಹೆದರಿಕೆಯಿಂದ ಒಂದು ತಿಂಗಳು ರಾತ್ರಿ ಸರಿಯಾಗಿ ನಿದ್ದೆ ಮಾಡಿದವಳಲ್ಲ ನಾನು. ಕಣ್ಣು ಹೋಗುತ್ತದಂತೆ, ಕಾಲು ಹೋಗುತ್ತದಂತೆ ಎಂದು ಯಾರ್‍ಯಾರೋ ಹೇಳಿದ್ದೆಲ್ಲ ತಲೆಯಲ್ಲಿ ಸುತ್ತುತ್ತಿತ್ತು. ಅಂಥವಳಿಗೆ ಹೀಗೆ ಹೇಳುವುದಾ? ಈ ಮುದುಕಿಗೆ ಎಷ್ಟು ಕೊಬ್ಬು, ಕಾಯಿಲೆ ಬಂದವರ ಕಷ್ಟ ಇವಳಿಗೇನು ಗೊತ್ತು ಎಂದು ಗೊಣಗುತ್ತ ಅರ್ಧ ದಾರಿ ಬಂದೆ. ಅಲ್ಲಿ ಕಾಲು ನಿಂತುಬಿಟ್ಟಿತು. ರೈಟರಜ್ಜಿ ನನ್ನನ್ನು ಸಾಯಿ ಅಂದಿರಲಿಲ್ಲ. ತಿಥಿಯ ಮಾತೂ ಎತ್ತಿರಲಿಲ್ಲ. ಮೋರಿಯ ಕಟ್ಟೆಯ ಮೇಲೆ ಕೂತು ಚೆನ್ನಾಗಿ ಅತ್ತೆ. ಹಿಂದೆಯೇ ಬಂದಿದ್ದ ನಮ್ಮ ನಾಯಿ ಸ್ವಲ್ಪ ದೂರದಲ್ಲಿ ಕೂತು ಕಾಯಿತು.

ಮಾರನೆಯ ದಿನ ಮಡಿಕೇರಿಯಲ್ಲಿ ಬಸ್ ಬದಲಿಸಿ ವಿರಾಜಪೇಟೆಗೆ ಹೋದೆ. ಫೋನ್ ಮಾಡಲಿಲ್ಲ, ಬರಬೇಡ ಅಂದರೆ ಎಂಬ ಭಯ. ಅಕ್ಕ ಬಾಗಿಲು ತೆಗೆದು, ನನ್ನ ಮುಖ ನೋಡಿ, ಆಮೇಲೆ ಶೂ ನೋಡಿದಳು. ‘ಬಾ’ ಎಂದಷ್ಟೇ ಹೇಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಲೋಟ ತಂದು ನನ್ನ ಮುಂದಿಟ್ಟಳು. ಬೆಲ್ಲದ ಕಾಪಿ. ಪರಿಮಳದಲ್ಲೇ ಗೊತ್ತಾಯಿತು.

ಈಗ ಬೇಡ ಅಂದರೆ ನಾಲ್ಕು ವರ್ಷದ ಜಗಳ ನಲವತ್ತು ವರ್ಷಕ್ಕೆ ಹೋಗುತ್ತದೆ. ಕುಡಿದುಬಿಡೋಣ, ಒಂದು ಲೋಟಕ್ಕೆ ಏನಾಗುತ್ತದೆ ಎಂದು ಕೈ ಚಾಚಿದೆ. ‘ಒಂದು ಲೋಟಕ್ಕೆ’ ಎಂದು ಮನಸ್ಸಿನಲ್ಲಿ ಬಂದದ್ದೇ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದೆ. ‘ಅಕ್ಕ, ನಂಗೂ ಶುಗರ್’ ಅಂದೆ.

ತಿಥಿಯ ಮಾತು ಈಗ ಬರುತ್ತದೆ ಎಂದು ತಲೆ ತಗ್ಗಿಸಿ ಕೂತೆ. ಬಂದರೆ ಬರಲಿ, ಅದು ಅವಳ ಹಕ್ಕು. ಅಕ್ಕ ಲೋಟ ಎತ್ತಿಕೊಂಡು ಒಳಗೆ ಹೋದಳು. ಬೆಲ್ಲವಿಲ್ಲದ ಎರಡು ಲೋಟ ಕಾಪಿಯೊಂದಿಗೆ ಶುಗರ್ ನೋಡುವ ಪುಟ್ಟ ಮಿಷನ್ನನ್ನೂ ತಂದಳು. ‘ಬೆರಳು ಕೊಡು’ ಅಂದಳು. ಕೊಟ್ಟೆ. ಸೂಜಿಯನ್ನು ಎಷ್ಟು ಜೋರಾಗಿ ಒತ್ತಿದಳೆಂದರೆ ನಾಲ್ಕು ವರ್ಷದ್ದೆಲ್ಲ ಅಲ್ಲೇ ತೀರಿತು. ನನ್ನದು ಇನ್ನೂರ ಹತ್ತು. ‘ನಂದು ಬೆಳಿಗ್ಗೆ ನೂರ ಹದಿನೆಂಟು’ ಎಂದಳು, ಹತ್ತನೇ ಕ್ಲಾಸಿನಲ್ಲಿ ನನಗೆ ತನಗಿಂತ ಕಡಿಮೆ ಮಾರ್ಕ್ಸ್ ಬಂದಾಗಿನ ಅದೇ ದನಿಯಲ್ಲಿ.

ಕಾಪಿ ಕುಡಿದೆವು. ಕಹಿ ಎಂದರೆ ಬರೀ ಕಹಿ. ಅಕ್ಕ ನನ್ನ ಬೆರಳಿನ ಮೇಲೆ ಹತ್ತಿ ಒತ್ತಿ ಹಿಡಿದುಕೊಂಡೇ ಹೇಳಿದಳು. ‘ಗೃಹಪ್ರವೇಶದ ಹಿಂದಿನ ದಿನ ರಿಪೋರ್ಟ್ ಬಂದಿತ್ತು. ತುಂಬ ಹೆದರಿದ್ದೆ. ಯಾರಿಗೂ ಹೇಳಿರಲಿಲ್ಲ. ನಿನ್ನ ಒಳಗೆ ಕರ್ದು ಮೊದಲು ನಿಂಗೇ ಹೇಳೋಣ ಅಂತ ಬಂದಿದ್ದೆ.’

‘ತಪ್ಪಾಯ್ತು ಅಕ್ಕ’ ಅಂದೆ. ಈ ಮಾತು ನನ್ನ ಬಾಯಿಂದ ಅವಳು ಕೇಳಿದ್ದು ಅದೇ ಮೊದಲು.

‘ಅಲ್ಲಾಡ್ಬೇಡ, ರಕ್ತ ನಿಲ್ಲಲಿ’ ಅಂದಳು. ರಕ್ತ ಯಾವಾಗಲೋ ನಿಂತಿತ್ತು. ಇಬ್ಬರೂ ಅದನ್ನು ನೋಡಿದೆವು, ಆದರೂ ಅವಳು ಬೆರಳು ಬಿಡಲಿಲ್ಲ.